ಬೆಂಗಳೂರು–ರಾಂಚಿ: ಶಿಖರ್ಜಿ ಯಾತ್ರಿಗಳಿಗೆ ದೂರ ಮತ್ತು ವಿಮಾನ ಸಮಯ

ಬೆಂಗಳೂರಿನಿಂದ ಜಾರ್ಖಂಡ್ ರಾಜಧಾನಿ ರಾಂಚಿಗೆ ಆಕಾಶಮಾರ್ಗದಲ್ಲಿ ಸುಮಾರು 1,380 ಕಿ.ಮೀ. ನೇರ ವಿಮಾನಕ್ಕೆ ಹೆಚ್ಚುಕಡಿಮೆ ಎರಡೂವರೆ ಗಂಟೆ. ನಡುವೆ ವಿಮಾನ ಬದಲಿಸುವ ಟಿಕೆಟ್ ಕೊಂಡರೆ ಇದರ ಎರಡು ಪಟ್ಟು ಹಿಡಿಯಬಹುದು. ಉಳಿಯುವ ನಾಲ್ಕು ಕಾಸಿಗೆ ವಯಸ್ಸಾದವರನ್ನು ನಿಲ್ದಾಣದಲ್ಲಿ ಕೂರಿಸುವುದು ತರವಲ್ಲ.

20 ತೀರ್ಥಂಕರರ ಮೋಕ್ಷಭೂಮಿಯಾದ ಸಮ್ಮೇದ ಶಿಖರ್ಜಿಗೆ ಹೋಗುವವರ ಪ್ರಯಾಣ ರಾಂಚಿಗೇ ಮುಗಿಯುವುದಿಲ್ಲ. ಬೆಟ್ಟದ ಬುಡದ ಮಧುಬನ ಇರುವುದು ಗಿರಿಡೀಹ್ ಜಿಲ್ಲೆಯಲ್ಲಿ. ಹಜಾರಿಬಾಗ್, ಡುಮ್ರಿ ದಾರಿಯಲ್ಲಿ ಕಾರಿಗೆ ಸುಮಾರು 4 ಗಂಟೆ ಬೇಕು, ವಿಮಾನದಲ್ಲಿ ಕುಳಿತದ್ದಕ್ಕಿಂತ ಹೆಚ್ಚು.

ರಾತ್ರಿ ಭೋಜನ ತ್ಯಾಗದ ನಿಯಮವಿರುವವರು ಗಮನಿಸಬೇಕಾದದ್ದು ಸೂರ್ಯಾಸ್ತ. ರಾಂಚಿ ಬೆಂಗಳೂರಿಗಿಂತ ಪೂರ್ವಕ್ಕೂ ಉತ್ತರಕ್ಕೂ ಇದೆ. ಡಿಸೆಂಬರ್ ಮೊದಲ ವಾರಗಳಲ್ಲಿ ಅಲ್ಲಿ ಸಂಜೆ 5 ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಬೆಂಗಳೂರಿಗಿಂತ ಮುಕ್ಕಾಲು ಗಂಟೆ ಮೊದಲೇ. ಮಧ್ಯಾಹ್ನ 12ಕ್ಕೆ ಇಳಿದರೂ ಸಾಮಾನು ಬಿಡಿಸಿಕೊಂಡು, ಕಾರು ಹತ್ತಿ ಮಧುಬನ ಮುಟ್ಟುವಾಗ ಊಟದ ಹೊತ್ತು ಮೀರಿರುತ್ತದೆ. ಆದ್ದರಿಂದ ಮುಂಜಾನೆಯ ವಿಮಾನವೇ ವಾಸಿ. ಅದು ಸಿಗದಿದ್ದರೆ ಮನೆಯ ಬುತ್ತಿ ಜೊತೆಗಿರಲಿ, ಬೆಳಕಿರುವಾಗಲೇ ದಾರಿಯಲ್ಲಿ ಊಟ ಮುಗಿಸಬಹುದು.

ಮರುದಿನ ನಸುಕಿಗೇ ಏಳಬೇಕು. ಬೆಟ್ಟ ಹತ್ತಲು 9, ಟೋಂಕ್‌ಗಳ ವಂದನೆಗೆ 9, ಇಳಿಯಲು 9, ಒಟ್ಟು 27 ಕಿ.ಮೀ. ನಡಿಗೆ. ಹಿಂದಿನ ಸಂಜೆ ಉಪವಾಸ ಬಿದ್ದ ಹಿರಿಯರಿಗೆ ಇದು ಬಲು ಕಷ್ಟ. ನಡೆಯಲಾಗದವರಿಗೆ ಡೋಲಿ ಉಂಟು. ವಂದನೆ ಮುಗಿಸಿ ಇಳಿಯುವಾಗ ಎಷ್ಟೋ ಜನರಿಗೆ ಸಂಜೆಯಾಗುತ್ತದೆ. ವಾಪಸ್ ಟಿಕೆಟನ್ನು ಅದರ ಮರುದಿನ ಮಧ್ಯಾಹ್ನದ ಮೇಲಿನ ವಿಮಾನಕ್ಕೇ ಮಾಡಿಸಬೇಕು.