ಗಾರ್ದಾ ಸರೋವರದ ನಿಂಬೆಮನೆಗಳು

ಇಟಲಿಯ ಉತ್ತರದಲ್ಲಿ, ಆಲ್ಪ್ಸ್ ಪರ್ವತಶ್ರೇಣಿಯು ಬಯಲಿಗಿಳಿಯುವೆಡೆಯಲ್ಲಿ, ಗಾರ್ದಾ ಎಂಬ ನೀಳವಾದ ಸರೋವರವಿದೆ. ಅದರ ಪಶ್ಚಿಮ ತೀರವನ್ನನುಸರಿಸಿ ದೋಣಿಯಲ್ಲಿ ಸಾಗುವವನಿಗೆ, ಕಡಿದಾದ ಬೆಟ್ಟದ ಬುಡದಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಜಗುಲಿಗಳ ಮೇಲೆ, ಮಾಡಿಲ್ಲದ ಚೌಕ ಕಂಬಗಳ ಸಾಲುಗಳು ಒಂದರ ಮೇಲೊಂದು ನಿಂತಿರುವುದು ಕಾಣುತ್ತದೆ. ಹಂಪೆಯ ಪೇಟೆಬೀದಿಯ ಸಾಲುಮಂಟಪಗಳನ್ನು ನೋಡಿದ ಕನ್ನಡಿಗನು ಇಲ್ಲಿಯೂ ಹಾಳುಬಿದ್ದ ಪೇಟೆಯೊಂದಿದ್ದಿರಬೇಕೆಂದು ಎಣಿಸಿದರೆ ಅದು ಸಹಜವೇ. ಶತಮಾನಗಳ ಕಾಲ ಆ ಕಂಬಗಳ ನಡುವೆ ವಾಸವಾಗಿದ್ದವು ನಿಂಬೆಯ ಮರಗಳು. ಚಳಿಗಾಲ ಬಂತೆಂದರೆ ಅಲ್ಲಿಯ ಜನ ಆ ಮರಗಳಿಗೆ ಮಾಡು ಹೊದಿಸಿ, ಬಾಗಿಲಿಕ್ಕಿ, ಅಗತ್ಯ ಬಿದ್ದ ರಾತ್ರಿಗಳಲ್ಲಿ ಬೆಂಕಿ ಹಾಕಿ, ಮನೆಯ ಮಕ್ಕಳನ್ನು ಕಾಯುವಂತೆ ಕಾಯುತ್ತಿದ್ದರು.

ನಿಂಬೆ, ಕಿತ್ತಳೆ, ಮಾದಲಗಳ ಕುಲವು ಹಿಮಾಲಯದ ಆಗ್ನೇಯ ತಪ್ಪಲಿನಲ್ಲಿ, ಅಸ್ಸಾಮಿನಿಂದ ಚೀನದ ಯುನ್ನಾನಿನವರೆಗೆ ಹಬ್ಬಿದ ಅರಣ್ಯಪ್ರದೇಶದಲ್ಲಿ ಹುಟ್ಟಿತೆಂದು ಇಂದಿನ ಸಸ್ಯಶಾಸ್ತ್ರಜ್ಞರ ಅಭಿಪ್ರಾಯ. ಅಲ್ಲಿಂದ ಅದು ಪಶ್ಚಿಮಾಭಿಮುಖವಾಗಿ ಹೊರಟ ದಾರಿಯನ್ನು ಹಣ್ಣುಗಳ ಹೆಸರುಗಳೇ ಹೇಳುತ್ತವೆ. ಸಂಸ್ಕೃತದ ನಾರಂಗವು ಪಾರಸಿಯಲ್ಲಿ ನಾರಂಗ್ ಆಗಿ, ಅರಬ್ಬಿಯಲ್ಲಿ ನಾರಂಜ್ ಆಗಿ, ಸ್ಪೇನಿನಲ್ಲಿ ನರಾಂಹಾ ಎನಿಸಿ, ಕೊನೆಗೆ ಮೊದಲಕ್ಷರವನ್ನೇ ಕಳೆದುಕೊಂಡು ಫ್ರೆಂಚರ ಬಾಯಲ್ಲಿ ಒರಾಂಜ್ ಆಯಿತು. ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವ ಆರೆಂಜ್ ಎಂಬ ಪದವು ಹೀಗೆ ದೇಶದೇಶಗಳನ್ನು ಸುತ್ತಿ ತವರಿಗೆ ಮರಳಿದ ಮಗಳು. ಎಲ್ಲಕ್ಕಿಂತ ಮೊದಲು ಹೊರಟದ್ದು ಮಾದಲ. ಕ್ರಿಸ್ತಪೂರ್ವ 300ರ ಸುಮಾರಿನಲ್ಲಿಯೇ ಗ್ರೀಕ್ ಪಂಡಿತನಾದ ಥಿಯೋಫ್ರಾಸ್ಟಸನು ಅದನ್ನು ಮೀಡಿಯಾ ದೇಶದ ಸೇಬೆಂದು ವರ್ಣಿಸಿದ್ದಾನೆ. ಹುಳಿಕಿತ್ತಳೆ ಮತ್ತು ನಿಂಬೆಗಳ ಬೇಸಾಯವನ್ನು ಮೆಡಿಟರೇನಿಯನ್ ಸಮುದ್ರದ ಸುತ್ತ ಹರಡಿದ ಕೀರ್ತಿ ಅರಬರದು.

ಆದರೆ ಸಮುದ್ರತೀರವನ್ನು ಬಿಟ್ಟು ಉತ್ತರಕ್ಕೆ ಹೋದೊಡನೆ ಈ ಮರಕ್ಕೆ ಮೃತ್ಯು ಕಾದಿತ್ತು. ಶೀತದೇಶದ ಸೇಬು, ಚೆರ್ರಿ ಮೊದಲಾದವು ಶರತ್ಕಾಲದಲ್ಲಿ ಎಲೆಯುದುರಿಸಿ ವಸಂತಪರ್ಯಂತ ಮಲಗುತ್ತವೆ. ನಿಂಬೆಗೆ ನಿದ್ರೆಯ ಅಭ್ಯಾಸವೇ ಇಲ್ಲ. ವರ್ಷವಿಡೀ ಎಲೆ ಹೊತ್ತು, ಒಂದೇ ಮರದಲ್ಲಿ ಮೊಗ್ಗು, ಹೂ, ಈಚು, ಹಣ್ಣುಗಳನ್ನು ಏಕಕಾಲಕ್ಕೆ ತಾಳಿ ನಿಲ್ಲುವ ಆ ಎಚ್ಚರವೇ, ನಮ್ಮ ಹಿತ್ತಿಲಿನಲ್ಲಿ ನಮಗೆ ವರವಾದದ್ದು, ಅಲ್ಲಿ ಅದಕ್ಕೆ ಶಾಪವಾಯಿತು. ಉಷ್ಣತೆಯು ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗಿಳಿದು ಕೆಲವು ಗಂಟೆಗಳ ಕಾಲ ನಿಂತಿತೆಂದರೆ ಎಳೆಯ ಎಲೆಯೊಳಗಿನ ನೀರು ಹೆಪ್ಪುಗಟ್ಟುತ್ತದೆ. ಮರುದಿನದ ಬಿಸಿಲಿಗೆ ಚಿಗುರೆಲ್ಲವೂ ಬೇಯಿಸಿದ ಸೊಪ್ಪಿನಂತೆ ಜೋತುಬೀಳುತ್ತದೆ.

ಈ ಮರವನ್ನು ಶೀತದೇಶದಲ್ಲಿ ಉಳಿಸಿದವರು ಅರಸರೆಂದು ಹೇಳುವುದು ರೂಢಿ. ಅದು ಪೂರ್ತಿ ಸುಳ್ಳಲ್ಲ. ಫ್ರಾನ್ಸಿನ ಎಂಟನೆಯ ಚಾರ್ಲ್ಸನು 1495ರಲ್ಲಿ ನೇಪಲ್ಸಿನ ದಂಡಯಾತ್ರೆಯಿಂದ ಹಿಂದಿರುಗುವಾಗ ಪಾಚೆಲ್ಲೋ ಎಂಬ ಇಟಾಲಿಯನ್ ತೋಟಗಾರನನ್ನು ಕರೆತಂದನು. ಹದಿನಾಲ್ಕನೆಯ ಲೂಯಿಯು ತನ್ನ ಹಣಕಾಸಿನ ಮಂತ್ರಿಯಾದ ಫೂಕೆಯನ್ನು 1661ರಲ್ಲಿ ಸೆರೆಯಲ್ಲಿಟ್ಟಾಗ, ಅವನ ತೋಟದಲ್ಲಿದ್ದ ಕಿತ್ತಳೆಮರಗಳನ್ನೂ ವಶಪಡಿಸಿಕೊಂಡು ವರ್ಸೇಗೆ ಸಾಗಿಸಿದನು. ಅಲ್ಲಿ 1684ರಿಂದ 1686ರವರೆಗೆ ವಾಸ್ತುಶಿಲ್ಪಿ ಮಾನ್ಸಾರನು ಕಟ್ಟಿದ ಕಿತ್ತಳೆಮನೆಯ ನಡುವಣ ಕಮಾನು ಸಾಲೆಯೊಂದೇ 150 ಮೀಟರಿಗೂ ಮಿಕ್ಕ ಉದ್ದದ್ದು. ಗೋಡೆಯ ದಪ್ಪ ಮತ್ತು ದಕ್ಷಿಣಕ್ಕೆ ತೆರೆದ ಕಿಟಕಿಗಳ ಬಿಸಿಲು ಇವೆರಡರ ಬಲದಿಂದಲೇ ಒಳಗೆ ನೀರು ಹೆಪ್ಪುಗಟ್ಟದಂತೆ ನೋಡಿಕೊಳ್ಳಲಾಯಿತು. ಮರದ ಪೆಟ್ಟಿಗೆಗಳಲ್ಲಿ ನೆಟ್ಟ ಗಿಡಗಳನ್ನು ಬೇಸಗೆಯಲ್ಲಿ ಅಂಗಳಕ್ಕೂ ಚಳಿಗಾಲದಲ್ಲಿ ಸಾಲೆಗೂ ಹೊತ್ತು ಸಾಗಿಸುತ್ತಿದ್ದರು. ಇಂಥ ಕಟ್ಟಡಗಳಲ್ಲಿ ಬರಬರುತ್ತ ಕಲ್ಲು ಕಡಿಮೆಯಾಗಿ ಗಾಜು ಹೆಚ್ಚಿತು. ಇಂಗ್ಲೆಂಡಿನಲ್ಲಿ 1845ರಲ್ಲಿ ಗಾಜಿನ ಮೇಲಣ ಸುಂಕ ರದ್ದಾದ ತರುವಾಯ ಇಡಿಗೆ ಇಡಿಯೇ ಗಾಜಿನ ಮನೆಗಳು ಎದ್ದವು, ಅವುಗಳ ಶಿಖರಪ್ರಾಯವಾಗಿ 1851ರಲ್ಲಿ ಲಂಡನ್ನಿನ ಸ್ಫಟಿಕಭವನ ನಿಂತಿತು. ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರಲ್ಲಿ ಅಸ್ತಿಭಾರ ಹಾಕಿದ ಗಾಜಿನಮನೆಯು ಅದರದೇ ಮಾದರಿಯದು. ಫಲಪುಷ್ಪ ಪ್ರದರ್ಶನಕ್ಕೆಂದು ನಾವು ಹೋಗಿ ನಿಲ್ಲುವ ಆ ಮಾಡಿನ ಪೂರ್ವಜರು ಚಳಿಗೆ ನಡುಗುತ್ತಿದ್ದ ಕಿತ್ತಳೆಗೆ ಕಟ್ಟಿದ ಕೊಟ್ಟಿಗೆಗಳೆಂಬುದು ನೆನಪಿಡತಕ್ಕ ಸಂಗತಿ.

ಆದರೂ ವರ್ಸೇಯ ಕಿತ್ತಳೆ ಅರಸನ ಐಶ್ವರ್ಯದ ಒಡವೆಯಾಗಿತ್ತು. ಅದು ಹಣ್ಣು ಬಿಟ್ಟರೂ ಬಿಡದಿದ್ದರೂ ಯಾರೂ ಉಪವಾಸ ಬೀಳುತ್ತಿರಲಿಲ್ಲ. ಗಾರ್ದಾ ತೀರದಲ್ಲಿ ನಿಂಬೆಯೇ ಅನ್ನ. ಆದಕಾರಣ ಈ ಚರಿತ್ರೆಯಲ್ಲಿ ಅಗ್ರಸ್ಥಾನ ಸಲ್ಲಬೇಕಾದದ್ದು ಆ ಬೆಟ್ಟದ ಬುಡದ ತೋಟಗಾರರಿಗೆ ಎಂದು ನಾನು ಭಾವಿಸುತ್ತೇನೆ.

ಹದಿಮೂರನೆಯ ಶತಮಾನದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳು ನಿಂಬೆಯ ಗಿಡವನ್ನು ಗಾರ್ನ್ಯಾನೋ ಎಂಬ ಊರಿಗೆ ತಂದರೆಂಬುದು ಅಲ್ಲಿಯ ಐತಿಹ್ಯ. ಅವರ ಮಠದ ಅಂಗಳದ ಸುತ್ತಣ ಕಂಬಗಳ ಬೋದಿಗೆಗಳಲ್ಲಿ ನಿಂಬೆಯ ಎಲೆಗಳನ್ನೂ ಹಣ್ಣುಗಳನ್ನೂ ಕೆತ್ತಿರುವುದು ಇಂದಿಗೂ ಕಾಣಸಿಗುತ್ತದೆ. ಮುನ್ನೂರಕ್ಕೂ ಹೆಚ್ಚು ಮೀಟರು ಆಳವಾದ ಆ ಸರೋವರವು ಬೇಸಗೆಯ ಕಾವನ್ನು ಒಡಲಲ್ಲಿ ಸಂಗ್ರಹಿಸಿ ಚಳಿಗಾಲದಲ್ಲಿ ಮೆಲ್ಲಮೆಲ್ಲನೆ ಬಿಡುತ್ತದೆ. ಬೆನ್ನಿಗಿರುವ ಬೆಟ್ಟವು ಉತ್ತರದ ಗಾಳಿಯನ್ನು ತಡೆಯುತ್ತದೆ. ಪ್ರಕೃತಿ ಮಾಡಿಕೊಟ್ಟ ಅನುಕೂಲ ಇಷ್ಟೇ. ಮಿಕ್ಕದ್ದು ಕೈಕೆಲಸ.

ಆ ಕೈಕೆಲಸ ಎಂಥದೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೆಟ್ಟದ ಇಳಿಜಾರನ್ನು ಕಡಿದು ಜಗುಲಿ ಕಟ್ಟಿ, ಬಂಡೆಯ ಮೇಲೆ ಮಣ್ಣಿಲ್ಲದ ಕಡೆಗೆ ಬೇರೆಡೆಯಿಂದ ಮಣ್ಣು ತಂದು ತುಂಬಿದರು. ಬೆಟ್ಟದ ಕಡೆಗೂ ಎರಡು ಪಕ್ಕಗಳಲ್ಲಿಯೂ ಎತ್ತರವಾದ ಕಲ್ಲುಗೋಡೆ. ಸರೋವರದ ಕಡೆ ಮಾತ್ರ ತೆರಪು. ಒಳಗೆ ಸಮಾನಾಂತರದಲ್ಲಿ ಕಲ್ಲಿನ ಕಂಬಗಳು, ಕಂಬದಿಂದ ಕಂಬಕ್ಕೆ ಮರದ ತೊಲೆಗಳು. ಬೆಟ್ಟದ ತೊರೆಯ ನೀರನ್ನು ಸಣ್ಣ ಕಾಲುವೆಗಳು ಜಗುಲಿಯಿಂದ ಜಗುಲಿಗೆ ಇಳಿಸುತ್ತಿದ್ದವು. ನಮ್ಮ ಮಲೆನಾಡಿನ ತೋಟದ ಅಬ್ಬಿ ನೀರಿನ ದಂಬೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬೇಸಗೆಯಲ್ಲಿ ಮರಗಳು ಬಯಲಿನಲ್ಲಿಯೇ ಬಿಸಿಲು ಕಾಯುತ್ತಿದ್ದವು. ನವೆಂಬರ್ ಬಂದೊಡನೆ, ಪಕ್ಕದ ಕಣಜಗಳಲ್ಲಿ ಜೋಡಿಸಿಟ್ಟಿದ್ದ ಹಲಗೆಗಳನ್ನು ಇಳಿಸಿ, ನೆಲದಿಂದ ಹಲವಾರು ಆಳೆತ್ತರದ ತೊಲೆಗಳ ಮೇಲೆ ನಡೆದಾಡುತ್ತ ಮಾಡು ಹೊದಿಸಬೇಕು. ಮುಂಭಾಗವನ್ನು ಹಲಗೆಗಳಿಂದಲೂ ಗಾಜಿನ ಚೌಕಟ್ಟುಗಳಿಂದಲೂ ಮುಚ್ಚಬೇಕು. ಸಂದುಗಳಿಗೆ ಒಣಹುಲ್ಲು ತುರುಕಬೇಕು. ಹವೆ ಹಿತವಾಗಿರುವ ದಿನಗಳಲ್ಲಿ ಕಿಟಕಿ ತೆರೆದು ಗಾಳಿ ಆಡಿಸಬೇಕು, ಸಂಜೆಗೆ ಮತ್ತೆ ಮುಚ್ಚಬೇಕು. ಮಾರ್ಚಿಯಲ್ಲಿ ಇದೆಲ್ಲವನ್ನೂ ಹಲಗೆ ಹಲಗೆಯಾಗಿ ಬಿಚ್ಚಿ ಮರಳಿ ಕಣಜಕ್ಕೇರಿಸಬೇಕು. ವರ್ಷವರ್ಷವೂ ಮನೆಯನ್ನು ಕಟ್ಟಿ, ವರ್ಷವರ್ಷವೂ ಕೆಡಹುವ ಈ ಕ್ರಮವನ್ನು ಅವರು ತಲೆಮಾರುಗಳ ಪರ್ಯಂತ ನಡೆಸಿಕೊಂಡು ಬಂದರು.

ಉಷ್ಣತಾಮಾಪಕವಿಲ್ಲದ ಕಾಲದಲ್ಲಿ ಚಳಿಯನ್ನು ಅಳೆಯುತ್ತಿದ್ದ ಬಗೆಯು ನನ್ನ ಮನಸ್ಸನ್ನು ಬಹಳವಾಗಿ ಸೆಳೆದಿದೆ. ಮರಗಳ ಬುಡದಲ್ಲಿ ಒಂದು ಬಟ್ಟಲು ನೀರನ್ನಿಟ್ಟಿರುತ್ತಿದ್ದರು. ರಾತ್ರಿಯಲ್ಲಿ ತೋಟಗಾರನು ದೀಪ ಹಿಡಿದು ಬಂದು ಅದನ್ನು ನೋಡಬೇಕು. ನೀರಿನ ಮೇಲೆ ಕೆನೆಯಂತೆ ಮಂಜಿನ ಪದರವು ಕಟ್ಟತೊಡಗಿತೆಂದರೆ ಕೂಡಲೇ ಮರಗಳ ನಡುವೆ ಬೆಂಕಿ ಹಾಕಬೇಕು. ಉರಿ ಹೆಚ್ಚಾದರೆ ಎಲೆ ಸುಡುತ್ತದೆ, ಮೇಲಿನ ಮಾಡು ಮರದ್ದು. ಕಡಿಮೆಯಾದರೆ ಚಳಿ ಗೆಲ್ಲುತ್ತದೆ. ಹೊರಗೆ ಬೆಟ್ಟವೆಲ್ಲ ಹಿಮದಿಂದ ಬೆಳ್ಳಗಾಗಿರುವಾಗ, ಕತ್ತಲೆಯಲ್ಲಿ, ಹೊಗೆಯ ನಡುವೆ, ಹಳದಿಯ ಹಣ್ಣುಗಳ ಕೆಳಗೆ ಕುಳಿತು ಬೆಳಗಿನವರೆಗೆ ಉರಿಯನ್ನು ಅಳತೆಯಲ್ಲಿಡುತ್ತಿದ್ದ ಆ ಮನುಷ್ಯನ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ.

ಹೀಗೆ ಬೆಳೆದ ಹಣ್ಣನ್ನು ಗಾತ್ರ, ಬಣ್ಣಗಳ ಮೇರೆಗೆ ಆರಿಸಿ, ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಪೆಟ್ಟಿಗೆಗಳಲ್ಲಿ ತುಂಬಿ, ಆಲ್ಪ್ಸಿನ ಕಣಿವೆಗಳನ್ನು ದಾಟಿಸಿ ಜರ್ಮನಿ, ಆಸ್ಟ್ರಿಯಾ, ಪೋಲೆಂಡ್, ರಷ್ಯಗಳವರೆಗೆ ಕಳುಹಿಸುತ್ತಿದ್ದರು. ಬೆಳೆಗಾರರು ಒಗ್ಗೂಡಿ 1840ರಲ್ಲಿ ಗಾರ್ನ್ಯಾನೋದಲ್ಲಿ ಒಂದು ಸಹಕಾರಸಂಘವನ್ನೇ ಕಟ್ಟಿಕೊಂಡರು. ಜರ್ಮನ್ ಮಹಾಕವಿ ಗಯಟೆಯು 1786ರ ಸೆಪ್ಟೆಂಬರ್ 13ರಂದು ದೋಣಿಯಲ್ಲಿ ಲಿಮೋನೆ ಎಂಬ ಊರಿನ ಮುಂದೆ ಹಾದುಹೋಗುತ್ತ ಈ ಜಗುಲಿಗಳನ್ನು ಕಂಡು ತನ್ನ ದಿನಚರಿಯಲ್ಲಿ ಬರೆದಿಟ್ಟನು. ನಿಂಬೆ ಹೂವಾಗುವ ನಾಡನ್ನು ಹಂಬಲಿಸುವ ಮಿನ್ಯೋನಳ ಹಾಡನ್ನು ಅವನು ಅದಾಗಲೇ, ಇಟಲಿಯನ್ನು ಕಾಣುವ ಮುನ್ನವೇ, ಬರೆದಾಗಿತ್ತು. ಚಳಿಯ ದೇಶದವರಿಗೆ ಈ ಹಣ್ಣಿನ ಮೇಲಿದ್ದ ಮೋಹಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಬೇಸಾಯವನ್ನು ಕೊನೆಗೆ ಮುರಿದದ್ದು ಚಳಿಯೊಂದೇ ಎಂದು ತಿಳಿಯುವುದು ತಪ್ಪು. 1855ರ ಸುಮಾರಿಗೆ ಮರದ ಬುಡದ ತೊಗಟೆ ಸೀಳಿ ಅಂಟು ಸೋರುವ ರೋಗ ತಗುಲಿ ಸಾಲುಸಾಲು ಮರಗಳು ಒಣಗಿದವು. ಹುಳಿಕಿತ್ತಳೆಯ ಬೇರಿನ ಮೇಲೆ ಕಸಿಕಟ್ಟಿ ತೋಟಗಳನ್ನು ಮತ್ತೆ ಎಬ್ಬಿಸುವಷ್ಟರಲ್ಲಿ ಇಟಲಿಯು 1861ರಲ್ಲಿ ಒಂದು ರಾಜ್ಯವಾಯಿತು, ರೈಲು ಬಂತು. ಸಿಸಿಲಿಯಲ್ಲಿ ಮಾಡಿಲ್ಲದೆ, ಗಾಜಿಲ್ಲದೆ, ಬೆಂಕಿಯಿಲ್ಲದೆ ಬಯಲಿನಲ್ಲಿ ಬೆಳೆದ ನಿಂಬೆ ಅದರಲ್ಲಿ ಏರಿ ಬಂದು ಉತ್ತರದ ಪೇಟೆಗಳಲ್ಲಿ ಅಗ್ಗವಾಗಿ ಮಾರಾಟವಾದಾಗ, ಹಲಗೆಯನ್ನೂ ಕೂಲಿಯನ್ನೂ ಲೆಕ್ಕ ಹಾಕಬೇಕಾದ ಗಾರ್ದಾ ಬೆಳೆಗಾರನು ಸ್ಪರ್ಧಿಸುವುದು ಹೇಗೆ? ಆಂಗ್ಲ ಲೇಖಕ ಡಿ. ಎಚ್. ಲಾರೆನ್ಸನು 1912-13ರ ಚಳಿಗಾಲವನ್ನು ಗಾರ್ನ್ಯಾನೋದಲ್ಲಿ ಕಳೆದಾಗ ಅನೇಕ ತೋಟಗಳು ಅದಾಗಲೇ ಪಾಳುಬಿದ್ದಿದ್ದವು. ತರುವಾಯ ಮಹಾಯುದ್ಧ ಬಂದು ರಣರಂಗವು ಸರೋವರದ ಉತ್ತರ ತುದಿಯನ್ನು ಮುಟ್ಟಿತು; ನಿಂಬೆಯಿಂದಲ್ಲದೆ ಸಕ್ಕರೆಯ ದ್ರಾವಣದಲ್ಲಿ ಬೂಷ್ಟು ಬೆಳೆಸಿ ಸಿಟ್ರಿಕ್ ಆಮ್ಲ ತೆಗೆಯುವ ವಿದ್ಯೆಯೂ ಅದೇ ಕಾಲದಲ್ಲಿ ಹೊರಬಂತು. 1928-29ರ ಚಳಿಗಾಲದ ಮಹಾಶೈತ್ಯವು ಉಳಿದಿದ್ದ ಮರಗಳನ್ನು ಕೊಂದಾಗ, ಮತ್ತೆ ನೆಡುವ ಉತ್ಸಾಹ ಹೆಚ್ಚು ಜನರಲ್ಲಿರಲಿಲ್ಲ. ಲಿಮೋನೆಯ ಒಂದು ನಿಂಬೆಮನೆಯನ್ನು ಜೀರ್ಣೋದ್ಧಾರ ಮಾಡಿ 2004ರಲ್ಲಿ ಜನರಿಗೆ ತೆರೆದಿದ್ದಾರೆ. ಲಿಮೋನೆ ಎಂಬ ಹೆಸರು ನಿಂಬೆಯಿಂದ ಬಂದುದಲ್ಲ, ಗಡಿ ಎಂಬರ್ಥದ ಲ್ಯಾಟಿನ್ ಪದದಿಂದ ಬಂದುದೆಂದು ಬಲ್ಲವರು ಹೇಳುವುದುಂಟು. ನಿಂಬೆಯ ಗಡಿಯೂ ಅಲ್ಲಿಯೇ ಇತ್ತು.

ಮರಕ್ಕೆ ಮನೆ ಕಟ್ಟುವ ಬದಲು ಮರವನ್ನೇ ಚಳಿಗೆ ಒಗ್ಗಿಸಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಗಾರ್ದಾದವರು ಕೇಳಲಿಲ್ಲ. ಕೇಳಿದ್ದರೂ ಉತ್ತರ ಅವರ ಕೈಗೆ ಎಟುಕುತ್ತಿರಲಿಲ್ಲ. ಉತ್ತರದ ಸುಳಿವು ಚೀನದಲ್ಲಿತ್ತು. ಹುವೈ ನದಿಯ ದಕ್ಷಿಣದಲ್ಲಿ ಕಿತ್ತಳೆಯಾಗಿದ್ದ ಮರ ಉತ್ತರಕ್ಕೊಯ್ದರೆ ಜೀ ಎಂಬ ಕಹಿಹಣ್ಣಿನ ಮರವಾಗಿ ಮಾರ್ಪಡುತ್ತದೆಂಬುದು ಆ ದೇಶದ ಬಹು ಪುರಾತನವಾದ ನಂಬಿಕೆ. ಜೀ ಎಂಬುದು ಮೂರೆಲೆಯ, ಮುಳ್ಳಿನ, ನಿಂಬೆಯ ಕುಲದಲ್ಲಿ ಅಪರೂಪವಾಗಿ ಎಲೆಯುದುರಿಸಿ ನಿದ್ರಿಸಬಲ್ಲ ಗಿಡ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯನ್ನೂ ಅದು ತಾಳುತ್ತದೆ. ಈ ನಂಬಿಕೆಯ ಹಿಂದೆ ತೋಟಗಾರನ ಅನುಭವವೇ ಇದ್ದಿರಬೇಕೆಂಬ ಊಹೆ ನನಗೆ ಯುಕ್ತವೆನಿಸುತ್ತದೆ: ಜೀ ಗಿಡದ ಬೇರಿನ ಮೇಲೆ ಕಿತ್ತಳೆಯನ್ನು ಕಸಿಕಟ್ಟಿ ಉತ್ತರಕ್ಕೊಯ್ದಾಗ, ಚಳಿಗೆ ಮೇಲಿನ ಕಿತ್ತಳೆ ಸತ್ತು, ಬುಡದಿಂದ ಜೀ ಚಿಗುರಿ, ಕಂಡವರಿಗೆ ಮರವೇ ಬದಲಾದಂತೆ ತೋರಿರಬೇಕು.

ಅಮೆರಿಕದ ಫ್ಲಾರಿಡಾದಲ್ಲಿ 1894ರ ಡಿಸೆಂಬರಿನಲ್ಲಿ ಒಮ್ಮೆ, 1895ರ ಫೆಬ್ರವರಿಯಲ್ಲಿ ಮತ್ತೊಮ್ಮೆ ಮಹಾಶೈತ್ಯ ಬಡಿದು ಅಲ್ಲಿಯ ಕಿತ್ತಳೆ ತೋಟಗಳು ನಾಶವಾದ ಬಳಿಕ, ಅಮೆರಿಕದ ಕೃಷಿ ಇಲಾಖೆಯ ವಾಲ್ಟರ್ ಸ್ವಿಂಗಲ್ ಮತ್ತು ಹರ್ಬರ್ಟ್ ವೆಬ್ಬರ್ ಎಂಬ ಇಬ್ಬರು ವಿಜ್ಞಾನಿಗಳು ಈ ಮೂರೆಲೆಯ ಗಿಡಕ್ಕೂ ಸಿಹಿಕಿತ್ತಳೆಗೂ ಸಂಕರ ಮಾಡಿದರು. ಹುಟ್ಟಿದ ಸಂತಾನಕ್ಕೆ ಸಿಟ್ರೇಂಜ್ ಎಂದು ಹೆಸರಿಟ್ಟರು. ಅದು ಕಿತ್ತಳೆಗಿಂತ ಎಷ್ಟೋ ಹೆಚ್ಚಿನ ಚಳಿಯನ್ನು ತಡೆಯಿತು, ಆದರೆ ಹಣ್ಣು ತೀರ ಹುಳಿ, ಮೇಲೆ ಕಹಿ. ಅದನ್ನು ಕೊಂಡು ತಿನ್ನುವವರು ಯಾರೂ ಸಿಕ್ಕಲಿಲ್ಲ. ಮನೆಯಿಲ್ಲದೆ ಶೀತದೇಶದಲ್ಲಿ ಬೆಳೆಯುವ ಸಿಹಿಕಿತ್ತಳೆಯೆಂಬ ಆಸೆ ಕೈಗೂಡದೆ ಉಳಿಯಿತು.

ಹಾಗಿದ್ದರೂ ಆ ಗಿಡ ವ್ಯರ್ಥವಾಗಲಿಲ್ಲ. ಅದರ ಬೇರು ಬಲವಾದದ್ದು. ಗಾರ್ದಾದ ಮರಗಳನ್ನು ಕೊಂದ ಆ ಅಂಟು ಸೋರುವ ರೋಗವನ್ನು ಬಹುಮಟ್ಟಿಗೆ ತಡೆದುಕೊಳ್ಳಬಲ್ಲದ್ದು. ಟ್ರಾಯರ್, ಕ್ಯಾರಿಝೋ ಎಂಬ ಹೆಸರಿನ ಸಿಟ್ರೇಂಜುಗಳ ಬೇರಿನ ಮೇಲೆ ಇಂದು ಸ್ಪೇನಿನಲ್ಲಿ, ಕ್ಯಾಲಿಫೋರ್ನಿಯದಲ್ಲಿ ಕಿತ್ತಳೆಯ ತೋಟಗಳು ನಿಂತಿವೆ. ಅಂಥ ತೋಟದಲ್ಲಿ ಬಗ್ಗಿ ನೋಡಿದರೆ ನೆಲದಿಂದ ಗೇಣೆತ್ತರದಲ್ಲಿ ಕಸಿಯ ಗಂಟು ಕಾಣುತ್ತದೆ. ಗಂಟಿನ ಕೆಳಗಿನಿಂದ ಆಗಾಗ ಮೂರೆಲೆಯ ಮುಳ್ಳುಚಿಗುರೊಂದು ಒಡೆಯುತ್ತದೆ. ತೋಟಗಾರನು ಅದನ್ನು ಗುರುತಿಸಿ, ಬುಡಸಮೇತ ಚಿವುಟಿ ಹಾಕಿ, ಮುಂದಿನ ಮರಕ್ಕೆ ಹೋಗುತ್ತಾನೆ.