ಜಮಖಂಡಿಯಿಂದ ಮಂಗಳದವರೆಗೆ: ಒಂದು ಉಪಕರಣದ ಕಥೆ

1868ರ ಆಗಸ್ಟ್ 18. ಪಟವರ್ಧನ ಮನೆತನದ ಆಳ್ವಿಕೆಯಲ್ಲಿದ್ದ ಜಮಖಂಡಿಯಲ್ಲಿ ಅಂದು ಪೂರ್ಣ ಸೂರ್ಯಗ್ರಹಣ. ನಮ್ಮ ಹುಬ್ಬಳ್ಳಿ-ಧಾರವಾಡದ ಉತ್ತರಕ್ಕಿರುವ, ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಆ ಊರಿಗೆ ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಬಂದಿದ್ದರು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ಲರ ಮೊಮ್ಮಗ ಇವರು. ಅವರ ದೂರದರ್ಶಕದೊಡನೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಸಾಧನವೊಂದಿತ್ತು. ಅದೇ ರೋಹಿತದರ್ಶಕ. ಮೋಡಗಳು ಸರಿದ ಅಲ್ಪ ಅವಧಿಯಲ್ಲಿ ಸೂರ್ಯನ ಅಂಚಿನ ಜ್ವಾಲೆಯ ಬೆಳಕು ಕೆಂಪು, ಕಿತ್ತಳೆ, ನೀಲಿ ಗೆರೆಗಳಾಗಿ ಕಂಡಿತು. ಆ ಜ್ವಾಲೆ ಕಾದ ಅನಿಲವೆಂಬುದು ಅದರಿಂದ ತಿಳಿಯಿತು.

ಪ್ರತಿಯೊಂದು ಅನಿಲವೂ ಬೆಳಕಿನಲ್ಲಿ ತನ್ನದೇ ಗೆರೆಗಳ ಗುರುತನ್ನು ಉಳಿಸುತ್ತದೆ. ಅದೇ ದಶಕದಲ್ಲಿ ರೋಮ್ ನಗರದಲ್ಲಿ ಯೇಸುಸಭೆಯ ಗುರು ಆಂಜೆಲೊ ಸೆಕ್ಕಿಯವರು ಈ ಗುರುತುಗಳ ಆಧಾರದ ಮೇಲೆ ನಕ್ಷತ್ರಗಳನ್ನು ವರ್ಗೀಕರಿಸುತ್ತಿದ್ದರು. ಅನ್ಯಗ್ರಹಗಳಲ್ಲಿ ಜೀವದ ಕುರುಹನ್ನು ಅರಸುವ ಅನೇಕ ಉಪಕರಣಗಳಿಗೆ ಇಂದಿಗೂ ಇದೇ ತತ್ತ್ವ ಆಧಾರ.

ಆದರೆ ಈ ಅರಸುವಿಕೆಯ ಇತಿಹಾಸ ಎಡವಿ ಕಲಿತ ಇತಿಹಾಸ. ಅದೇ ಗ್ರಹಣವನ್ನು ಗುಂಟೂರಿನಲ್ಲಿ ವೀಕ್ಷಿಸಿದ ಫ್ರೆಂಚ್ ವಿಜ್ಞಾನಿ ಜಾನ್ಸೆನ್, ಅದರ ಹಿಂದಿನ ವರ್ಷವೇ ಮಂಗಳದಲ್ಲಿ ನೀರಾವಿಯ ಗುರುತನ್ನು ಕಂಡೆನೆಂದು ಸಾರಿದ್ದರು. 1894ರಲ್ಲಿ ಅಮೆರಿಕದ ಕ್ಯಾಂಪ್‌ಬೆಲ್ ಮಂಗಳದ ಬೆಳಕನ್ನೂ ನೀರಾವಿಯಿಲ್ಲದ ಚಂದ್ರನ ಬೆಳಕನ್ನೂ ಹೋಲಿಸಿದರು; ಎರಡರಲ್ಲಿಯೂ ಭೇದ ಕಾಣಲಿಲ್ಲ. ನಮ್ಮದೇ ಭೂಮಿಯ ಹವೆಯ ಗುರುತು ಮಂಗಳದ್ದೆಂಬ ಭ್ರಮೆ ಹುಟ್ಟಿಸಿತ್ತು.

1976ರಲ್ಲಿ ಎರಡು ವೈಕಿಂಗ್ ನೌಕೆಗಳು ಮಂಗಳದ ನೆಲಕ್ಕೇ ಇಳಿದವು. ಅಲ್ಲಿಯ ಮಣ್ಣಿಗೆ ಪೋಷಕ ದ್ರವ ಬೆರೆಸಿದಾಗ, ಜೀವಾಣುಗಳಿದ್ದರೆ ಹೇಗೋ ಹಾಗೆಯೇ, ಅನಿಲ ಹೊರಬಂದಿತು. ಆದರೆ ಮತ್ತೊಂದು ಉಪಕರಣಕ್ಕೆ ಆ ಮಣ್ಣಿನದೇ ಎನ್ನಬಹುದಾದ ಸಾವಯವ ವಸ್ತು ದೊರೆಯಲಿಲ್ಲ. ಅದು ಮಣ್ಣಿನ ರಾಸಾಯನಿಕ ಕ್ರಿಯೆಯೆಂದೇ ಹೆಚ್ಚಿನ ವಿಜ್ಞಾನಿಗಳು ತೀರ್ಮಾನಿಸಿದರು.

ನಮ್ಮ ದೇಶದ ಸರದಿ 2013ರಲ್ಲಿ ಬಂದಿತು. ಆ ವರ್ಷದ ನವೆಂಬರ್ 5ರಂದು ಹೊರಟ ಮಂಗಳಯಾನ, 2014ರ ಸೆಪ್ಟೆಂಬರ್ 24ರಂದು ಮಂಗಳದ ಕಕ್ಷೆ ಸೇರಿತು. ಬೆಂಗಳೂರಿನ ಸಮೀಪದ ಬ್ಯಾಲಾಳು ಕೇಂದ್ರ ಅದರ ಸಂಕೇತಗಳನ್ನು ಆಲಿಸಿತು. ನೌಕೆಯಲ್ಲಿ ಮೂರು ಕಿಲೋಗ್ರಾಂಗೂ ಕಡಿಮೆ ತೂಕದ ಮಿಥೇನ್ ಸಂವೇದಕವಿತ್ತು. ಭೂಮಿಯ ಮಿಥೇನಿನ ಬಹುಪಾಲು ಭತ್ತದ ಗದ್ದೆ, ದನಗಳ ಹೊಟ್ಟೆ, ಜೌಗುಭೂಮಿಗಳ ಜೀವಾಣುಗಳಿಂದ ಬರುತ್ತದೆ. ಕಲ್ಲು-ನೀರುಗಳ ಕ್ರಿಯೆಯಿಂದಲೂ ಹುಟ್ಟಬಲ್ಲದು. ಆದರೆ ಮಿಥೇನಿನ ಗೆರೆಗಳನ್ನು ಇತರ ಅನಿಲಗಳ ಗೆರೆಗಳಿಂದ ಬೇರ್ಪಡಿಸುವ ಸೂಕ್ಷ್ಮತೆ ಆ ಸಂವೇದಕಕ್ಕೆ ಸಾಲದೆಂಬುದು ಅನಂತರ ತಿಳಿದುಬಂದಿತು. ಅದು ವ್ಯರ್ಥವಾಗಲಿಲ್ಲ: ಮಂಗಳದ ನೆಲ ಸೂರ್ಯನ ಬೆಳಕನ್ನು ಎಷ್ಟು ಪ್ರತಿಫಲಿಸುತ್ತದೆ ಎಂಬುದರ ನಕ್ಷೆಯನ್ನು ಅದರಿಂದ ರಚಿಸಿದರು. 2022ರಲ್ಲಿ ನೌಕೆಯ ಸಂಪರ್ಕ ಕಡಿಯಿತು.

2023ರ ಚಂದ್ರಯಾನ-3ರಲ್ಲಿ ಇನ್ನೊಂದು ವಿನಮ್ರ ಹೆಜ್ಜೆಯಿತ್ತು. ಚಂದ್ರನ ಸುತ್ತ ಉಳಿದ ನೌಕಾಭಾಗದಲ್ಲಿದ್ದ 'ಶೇಪ್' ಎಂಬ ಉಪಕರಣ ನೋಡಿದ್ದು ದೂರದ ಗ್ರಹವನ್ನಲ್ಲ, ನಮ್ಮ ಭೂಮಿಯನ್ನು. ಜೀವವಿರುವ ಗ್ರಹ ದೂರದಿಂದ ಹೇಗೆ ಕಾಣುತ್ತದೆಂಬುದನ್ನು ಮೊದಲು ಅರಿತರೆ ತಾನೆ, ಬೇರೆಡೆ ಅದನ್ನು ಗುರುತಿಸಲು ಸಾಧ್ಯ?

ಪ್ರಿಯ ಓದುಗರೇ, ಬೇರೆ ಲೋಕದಲ್ಲಿ ಜೀವವಿದೆಯೆ ಎಂದು ಮಕ್ಕಳು ಕೇಳಿದರೆ, ಈವರೆಗೆ ಖಚಿತ ಕುರುಹು ಸಿಕ್ಕಿಲ್ಲವೆನ್ನೋಣ. ಜೊತೆಗೆ ಜಮಖಂಡಿಯ ಆ ಮೋಡದ ದಿನವನ್ನೂ ಹೇಳೋಣ. ಬಯಸಿದ್ದನ್ನಲ್ಲ, ಕಂಡದ್ದನ್ನು ಕಂಡಷ್ಟೇ ಹೇಳುವುದು, ತಪ್ಪಿದಾಗ ತಿದ್ದಿಕೊಳ್ಳುವುದು - ಇದು ವಿಜ್ಞಾನಿಗಷ್ಟೇ ಅಲ್ಲ, ನಮ್ಮ ಮನೆಗಳಿಗೂ ಬೇಕಾದ ಶಿಸ್ತು.