ಚರ್ಚುಗಳ ಸ್ವಯಂಸೇವಕರಿಗೆ ಸಂಬಂಧಿಸಿದ ಮಕ್ಕಳ ಸುರಕ್ಷತಾ ದಾಖಲೆಗಳ ನಿರ್ವಹಣೆ

(ಕಮಠಾಣ ಹಾಗೂ ಬೀದರ್, ಭಾಲ್ಕಿ, ಔರಾದ್ ತಾಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

1. ಉದ್ದೇಶ
ಸಂಡೇ ಸ್ಕೂಲ್, ಬೇಸಿಗೆ ರಜೆಯ ವಿ.ಬಿ.ಎಸ್. ತರಗತಿ, ಗಾಯನ ತಂಡ ಮೊದಲಾದ ಕಾರ್ಯಗಳಲ್ಲಿ ವೇತನವಿಲ್ಲದ ಸ್ವಯಂಸೇವಕರು ಮಕ್ಕಳೊಂದಿಗೆ ಇರುತ್ತಾರೆ. ಗ್ರಾಮದಲ್ಲಿ ಎಲ್ಲರೂ ಪರಿಚಿತರೆಂಬ ಕಾರಣದಿಂದ ದಾಖಲೆಯನ್ನು ಕೈಬಿಡತಕ್ಕದ್ದಲ್ಲ. ಸಮರ್ಪಕ ದಾಖಲೆಯು ಮಗುವಿಗೂ ಪ್ರಾಮಾಣಿಕ ಸ್ವಯಂಸೇವಕರಿಗೂ ರಕ್ಷಣೆಯಾಗಿರುತ್ತದೆ.

2. ಕಾನೂನಿನ ಅವಕಾಶ
ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ (ಪೋಕ್ಸೊ) ನಿಯಮಗಳು, 2020ರ 3ನೇ ನಿಯಮದಂತೆ, ಮಕ್ಕಳೊಂದಿಗೆ ನಿಯತ ಸಂಪರ್ಕವಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಬೇಕು ಹಾಗೂ ಅವರಿಗೆ ಮಕ್ಕಳ ಸುರಕ್ಷತೆಯ ತರಬೇತಿ ನೀಡಬೇಕು. ನಿಯಮದಲ್ಲಿ ಸ್ವಯಂಸೇವಕರೆಂಬ ಪದವಿಲ್ಲದಿದ್ದರೂ ಅವರಿಗೂ ಇದೇ ಕ್ರಮವನ್ನು ಅನುಸರಿಸುವುದು ಸೂಕ್ತ.

3. ಇಡಬೇಕಾದ ವಹಿಗಳು
(ಅ) ಸ್ವಯಂಸೇವಕರ ವಹಿ: ಹೆಸರು, ಭಾವಚಿತ್ರ, ಗುರುತಿನ ದಾಖಲೆ, ವಹಿಸಿದ ಕೆಲಸ, ಸೇರಿದ ಹಾಗೂ ಬಿಟ್ಟ ದಿನಾಂಕ, ಪೊಲೀಸ್ ಪರಿಶೀಲನೆಯ ಹಾಗೂ ತರಬೇತಿಯ ದಿನಾಂಕ. ಹೈದರಾಬಾದ್ ಮುಂತಾದೆಡೆ ವಾಸವಿದ್ದು ಮರಳಿದವರ ಹಿಂದಿನ ವಿಳಾಸವನ್ನೂ, ಅಲ್ಲಿ ಅವರನ್ನು ಬಲ್ಲ ಇಬ್ಬರ ಅಭಿಪ್ರಾಯವನ್ನೂ ಪಡೆದು ಲಗತ್ತಿಸುವುದು.
(ಆ) ಹಾಜರಿ ವಹಿ: ಪ್ರತಿ ಕಾರ್ಯಕ್ರಮದ ಸ್ಥಳ, ವೇಳೆ, ಹಾಜರಿದ್ದ ಮಕ್ಕಳು ಹಾಗೂ ಸ್ವಯಂಸೇವಕರು. ಪ್ರವಾಸವಿದ್ದಲ್ಲಿ ಪೋಷಕರ ಲಿಖಿತ ಒಪ್ಪಿಗೆ.
(ಇ) ಘಟನಾ ವಹಿ: ಪುಟಸಂಖ್ಯೆಯುಳ್ಳ ಪುಸ್ತಕದಲ್ಲಿ ಮಗುವು ಹೇಳಿದ್ದನ್ನು ಮಗುವಿನ ಮಾತಿನಲ್ಲಿಯೇ, ದಿನಾಂಕ ಮತ್ತು ವೇಳೆ ಸಹಿತ ಬರೆಯುವುದು. ಬರೆದುದನ್ನು ಅಳಿಸಬಾರದು, ತಿದ್ದುಪಡಿಯಿದ್ದಲ್ಲಿ ಸಹಿ ಹಾಕುವುದು.

4. ದೂರು ಬಂದಾಗ
ವಹಿಯಲ್ಲಿ ಬರೆದ ಮಾತ್ರಕ್ಕೆ ಅಥವಾ ಸಭಾಪಾಲಕರಿಗೆ ತಿಳಿಸಿದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ. ಪೋಕ್ಸೊ ಕಾಯ್ದೆ, 2012ರ 19ನೇ ಕಲಮಿನಂತೆ ಅಪರಾಧ ನಡೆದಿರುವುದು ತಿಳಿದವರು, ನಡೆಯಬಹುದೆಂಬ ಆತಂಕವುಳ್ಳವರು ಯಾರೇ ಆಗಲಿ, ಸ್ಥಳೀಯ ಪೊಲೀಸರಿಗೆ ಅಥವಾ ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೆ ಮಾಹಿತಿ ನೀಡಲೇಬೇಕು. ಪೊಲೀಸರು ನೀಡುವ ನಮೂದು ಸಂಖ್ಯೆಯನ್ನು ಘಟನಾ ವಹಿಯಲ್ಲಿ ದಾಖಲಿಸುವುದು. ಸದ್ಭಾವನೆಯಿಂದ ಮಾಹಿತಿ ನೀಡಿದವರ ಮೇಲೆ ಯಾವುದೇ ಹೊಣೆ ಬರುವುದಿಲ್ಲ.
ಮಾಹಿತಿ ನೀಡದಿದ್ದಲ್ಲಿ 21ನೇ ಕಲಮಿನಂತೆ 6 ತಿಂಗಳವರೆಗೆ ಕಾರಾವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅಧೀನದವರ ಕೃತ್ಯವನ್ನು ಮರೆಮಾಚುವ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ ಕಾರಾವಾಸ ಹಾಗೂ ದಂಡವಿದೆ. ಆಡಳಿತ ಸಮಿತಿಯು ತಾನೇ ವಿಚಾರಣೆ ನಡೆಸುವುದು, ರಾಜಿ ಮಾಡಿಸುವುದು, ಮಗುವನ್ನು ಪದೇ ಪದೇ ಪ್ರಶ್ನಿಸುವುದು ಸಲ್ಲದು.

5. ಗೌಪ್ಯತೆ
ಘಟನಾ ವಹಿಯನ್ನು ಬೀಗದಲ್ಲಿರಿಸಿ, ಜವಾಬ್ದಾರಿಯನ್ನು ಒಬ್ಬರಿಗೆ ಲಿಖಿತವಾಗಿ ವಹಿಸುವುದು. ಮಗುವಿನ ಗುರುತನ್ನು ಸಭೆಯಲ್ಲಿಯಾಗಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಿಯಾಗಲಿ ಪ್ರಕಟಿಸಬಾರದು.

6. ಅರ್ಜಿ ಮತ್ತು ಸಂಪರ್ಕ
ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಸಲ್ಲಿಸಬಹುದು. ಪಾಲನೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಕ್ಕಳನ್ನು ಇರಿಸಿಕೊಳ್ಳುವ ಸಂಸ್ಥೆಗಳು ಬಾಲನ್ಯಾಯ ಕಾಯ್ದೆ, 2015ರ 41ನೇ ಕಲಮಿನಂತೆ ನೋಂದಣಿ ಪಡೆಯುವುದು ಕಡ್ಡಾಯ. ಮಾರ್ಗದರ್ಶನಕ್ಕಾಗಿ ಬೀದರ್‌ನ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಸಂಪರ್ಕಿಸುವುದು. ಮಕ್ಕಳ ಸಹಾಯವಾಣಿ: 1098. ತುರ್ತು ಸಂದರ್ಭದಲ್ಲಿ: 112.